ಮುನಾಫ ನಕ್ಕ ದಿನ

ಬೆಳಗಿನ ಮೊದಲ ಚಹಾ ಇನ್ನೂ ಬಸಿಯಲ್ಲೇ ಇತ್ತು. ಅಷ್ಟರಲ್ಲಿ ಮುನಾಫನ ಫೋನಿನೊಳಗಿಂದ ಅಮೋಘಿ ಸಾವಕಾರರು ಕೂಗಿದರು. ಸಾವಕಾರರಿಗೆ ಫೋನಿನಲ್ಲಿ ಬರೆಯಲು ಬೇಸರ. ಹೇಳಬೇಕಾದ್ದನ್ನು ಹೊಲದ ಆಚೆ ದಂಡೆಯವನನ್ನು ಕರೆದಂತೆ ಕೂಗಿ ಕಳಿಸಿಬಿಡುತ್ತಾರೆ.

"ಮುನಾಫ, ಜೋರಾಪುರ ಪೇಟಿ ಅಂಗಡಿ ಶುಕ್ರವಾರ ತೆಗಿಯೂದೈತಿ. ಗಾದಿ ಮ್ಯಾಲ ನಿನ್ನ ಕೂಡಸೂದೋ ಅಶ್ಫಾಕನ್ನ ಕೂಡಸೂದೋ, ಇವತ್ತ ಸಂಜಿಕ ಹೇಳ್ತೇನಿ. ನೋಡಪಾ, ಅದು ಚಿಲ್ಲರ ವ್ಯಾಪಾರ. ಗಿರಾಕಿ ಬಂದ್ರ ಹಲ್ಲು ತಗದು ನಗಾಂವ ಬೇಕು ನನಗ. ಮಣ್ಣಿಗೆ ಬಂದಾಂವನಂಗ ಕುಂದ್ರಾಂವ ಬ್ಯಾಡ."

ಮುನಾಫ ಬಸಿ ಕೆಳಗಿಟ್ಟ. ಅಶ್ಫಾಕ ಸಾವಕಾರರ ತಿಕೋಟಾ ಅಂಗಡಿಯ ಇನ್ನೊಬ್ಬ ನೌಕರ; ಮುನಾಫ ಅವರ ಪರವಾಗಿ ಅಲ್ಲಿ ಒಣದ್ರಾಕ್ಷಿ ಕೊಳ್ಳುವವನು. ಜೋರಾಪುರ ಪೇಟೆಯ ಮನೆಯಿಂದ ದಿನವೂ ಬಸ್ಸು ಹಿಡಿದು ಹೋಗಿ, ಧೂಳು ಕುಡಿದು, ತಣ್ಣಗಾದ ಬುತ್ತಿ ಉಂಡು, ಮತ್ತೆ ಬಸ್ಸು ಹಿಡಿದು ಬರಬೇಕು. ಹೊಸ ಅಂಗಡಿ ಮನೆಯಿಂದ ಎರಡೇ ಗಲ್ಲಿ ದೂರ. ಮಧ್ಯಾಹ್ನ ಮನೆಗೆ ಬಂದು ಹೆಂಡತಿ ಸಬೀರಾ ಬಡಿದ ಬಿಸಿ ರೊಟ್ಟಿ ಉಂಡು, ಅಷ್ಟು ಕಣ್ಣು ಮುಚ್ಚಿ ಹೋಗಬಹುದಾದ ದೂರ. ಆ ಗಾದಿಯ ಕನಸು ಕಾಣುತ್ತ ಅವನು ಎಷ್ಟೋ ಸಲ ತನ್ನ ಸ್ಟಾಪು ದಾಟಿ ಹೋಗಿದ್ದ.

ಆದರೆ ನಗುವುದು ಹೇಗೆ? ಮುನಾಫನ ಹಲ್ಲಿನ ಕಂದು ಕಲೆಗೆ ಬಾಲ್ಯದಲ್ಲಿ ಕುಡಿದ ಬೋರಿನ ನೀರು ಅಡಿಪಾಯ ಹಾಕಿತ್ತು, ಹರೆಯದ ಎಲೆಯಡಿಕೆ ಗೋಡೆ ಎಬ್ಬಿಸಿತ್ತು, ಚಹಾ ದಿನವೂ ಬಣ್ಣ ಬಳಿಯುತ್ತಿತ್ತು. ಮದುವೆಯಾದ ಮೇಲೆ ಸಬೀರಾ ಎಲೆಯಡಿಕೆ ಬಿಡಿಸಿದಳು; ಬಣ್ಣ ಮಾತ್ರ ಬಾಡಿಗೆ ಮನೆ ಬಿಡದ ಮಂದಿಯಂತೆ ಕೂತುಬಿಟ್ಟಿತು. ಹೀಗಾಗಿ ಅವನು ತುಟಿ ಬಿಗಿದೇ ಬದುಕುವುದನ್ನು ಕಲಿತಿದ್ದ. ನಗು ಬಂದರೆ ಮೂಗಿನಿಂದ ಬಿಡುತ್ತಿದ್ದ. ನಿಕಾಹದ ಫೋಟೊದಲ್ಲಿ ಅವನು ಮದುಮಗನಲ್ಲ, ಮದುಮಗನನ್ನು ಹಿಡಿದೊಯ್ಯಲು ಬಂದ ಪೊಲೀಸನಂತೆ ಕಾಣುತ್ತಾನೆ.

"ಪಾಲಿಶ್ ಮಾಡಸೂನ್ರಿ," ಅಂದಳು ಸಬೀರಾ, ಹಿಟ್ಟು ನಾದುತ್ತಲೇ. "ಹಲ್ಲಿನ ಡಾಕ್ಟರ್ ಅದಾರಲ್ಲ, ಒಂದ ತಾಸಿನ್ಯಾಗ ಬೆಳ್ಳಗ ಮಾಡ್ತಾರಂತ."

"ಡಾಕ್ಟರ್ ಬ್ಯಾಡ. ಆ ಮಷೀನಿನ ಸಪ್ಪಳಾ ಕೇಳಿದ್ರ ನನ್ನ ಜೀವ ಮಣಕಾಲಿಗೆ ಇಳೀತದ. ಮನ್ಯಾಗ ಏನಾರ ಆಗತೈತೇನು ನೋಡು."

ಈ ಮಾತು ಅವನು ಮೆಲ್ಲಗೆ ಆಡಬೇಕಿತ್ತು. ಪಕ್ಕದ ಮನೆಗೂ ಇವರ ಮನೆಗೂ ನಡುವಿನ ಗೋಡೆ ಎದೆಯೆತ್ತರದ್ದು. ಅದರ ಮೇಲೆ ಮೊದಲು ಸೀತವ್ವನ ತಲೆ ಮೂಡಿತು, ಆಮೇಲೆ ಅವಳ ಕೈ, ಕೈಯಲ್ಲಿ ಒಂದು ಬಟ್ಟಲು.

"ಮನ್ಯಾಗ ಯಾಕ ಆಗಾಂಗಿಲ್ಲ? ಜಾಲಿ ಕಟಗಿ ಇದ್ದಲಿ, ಹಳ್ಳುಪ್ಪು. ನಮ್ಮತ್ತಿ ಸಾಯೂತನಕ ಕಬ್ಬು ಸುಲದು ತಿಂದಾಳ. ಬಾಯಿ ತೆಗಿಯೋ ಮುನಾಫ."

"ಕಾಕೂ, ಸ್ವಲ್ಪ ತಡಿ..."

"ತೆಗಿಯೋ. ಸಣ್ಣಾಂವ ಇದ್ದಾಗ ನಿನಗ ಬಜಿ ಕುಡಿಸಿದಾಕಿ ನಾನು."

ಬಾಲ್ಯದಲ್ಲಿ ಬಜೆ ಕುಡಿಸಿದವರಿಗೆ ಬಾಯಿ ತೆಗೆಯದೆ ಇರುವುದು ಹೇಗೆ? ಸೀತವ್ವ ಗೋಡೆಯಾಚೆಯಿಂದಲೇ ಕೈ ಚಾಚಿ, ಹಿತ್ತಾಳೆ ಚರಿಗೆ ಬೆಳಗುವ ಹುರುಪಿನಿಂದ ತಿಕ್ಕಿದಳು. ಅವಳು ಕೈ ತೆಗೆಯುವ ಹೊತ್ತಿಗೆ ಮುನಾಫನ ಬಾಯಿ, ಗಲ್ಲ, ಅಂಗಿಯ ಕಾಲರು ಎಲ್ಲ ಒಂದೇ ಬಣ್ಣ. ಸಾಲೆಗೆ ಹೊರಟಿದ್ದ ಮಗಳು ಕೈನಾತ ಬಾಗಿಲಲ್ಲೇ ನಿಂತು ನೋಡಿದಳು.

"ಅಮ್ಮೀ, ಅಬ್ಬಾಗ ಇಷ್ಟ ಹಲ್ಲು ಅದಾವಂತ ನನಗ ಗೊತ್ತ ಇರಲಿಲ್ಲ."

"ನೀ ಸಾಲಿಗೆ ನಡಿ," ಅಂದಳು ಸಬೀರಾ. ಅವಳ ಮುಖ ನಗೆಯನ್ನು ತಡೆಹಿಡಿದು ಕೆಂಪಾಗಿತ್ತು.

ಗದ್ದಲ ಕೇಳಿ ಮಾಳಿಗೆಯಿಂದ ಸಬೀರಾಳ ತಂಗಿ ತರನ್ನುಮ ಇಳಿದು ಬಂದಳು. ಅವಳು ದಿನಕ್ಕೆ ನಾಲ್ಕು ಪಾರ್ಸೆಲ್ಲು ತರಿಸುವವಳು, ಮೂರನ್ನು ಹಿಂದಕ್ಕೆ ಕಳಿಸುವವಳು. ಭಾವನ ಬಾಯಿ ನೋಡಿ ಎದೆ ಹಿಡಿದುಕೊಂಡಳು.

"ದುಲ್ಹಾಭಾಯಿ, ಇದೇನ್ರಿ ಒಲಿ ಆಗೇತಲ್ಲ ಬಾಯಿ. ನನ್ನ ಕಡೆ ಕಿಟ್ಟು ಐತಿ. ಜೆಲ್ಲು ಹಚ್ಚೂದು, ಬಾಯಾಗ ಈ ಅಚ್ಚು ಇಟ್ಕೋಳೂದು, ಲೈಟ್ ಹಚ್ಚೂದು. ಡಾಕ್ಟರ್ ಮಾಡೂದು ಇದನ್ನ."

"ಡಾಕ್ಟರೂ ಇದನ್ನ ಮಾಡೂದಾದ್ರ ಡಾಕ್ಟರ್ ಯಾಕ ಬೇಕು?" ಅಂದಳು ಸೀತವ್ವ.

"ಅದಕ್ಕ ಅಲ್ಲೇನ್ರಿ ನಾ ತರಸಿದ್ದು."

ಇಬ್ಬರೂ ಮೊದಲ ಸಲ ಒಂದು ಮಾತಿಗೆ ಒಪ್ಪಿದ್ದರು. ಅದರ ಶಿಕ್ಷೆ ಮುನಾಫನಿಗಾಯಿತು. ಬಾಯಿ ತೊಳೆಯಲು ನೋಡಿದರೆ ನಳಕ್ಕೆ ನೀರು ಬರುವ ದಿನ ಅದಲ್ಲ, ಹಂಡೆಯಲ್ಲಿ ಉಳಿದದ್ದು ತಳದಷ್ಟು. ಇದ್ದಲಿ ಅರ್ಧ ಹೋಯಿತು, ಅರ್ಧ ಸಂದಿಗಳಲ್ಲಿ ಉಳಿಯಿತು. ಅದರ ಮೇಲೇ ತರನ್ನುಮ ಜೆಲ್ಲು ಸುರಿದಳು, ಅಚ್ಚು ತುರುಕಿದಳು, ವಾಯರನ್ನು ಅವನದೇ ಫೋನಿಗೆ ಚುಚ್ಚಿದಳು. ಮುನಾಫನ ಬಾಯೊಳಗೆ ನೀಲಿ ಬೆಳಕು ಹತ್ತಿತು. ಕಟ್ಟೆಯ ಮೇಲೆ ಕೂತ ಅವನು, ಸೈರನ್ ಕೆಟ್ಟು ಓಣಿಯಲ್ಲಿ ನಿಂತ ಆಂಬುಲೆನ್ಸಿನಂತೆ ಕಂಡ. ದಾರಿಯಲ್ಲಿ ಹೋಗುವವರು ಒಂದು ಕ್ಷಣ ನಿಂತು, ಸಲಾಂ ಹೇಳಿ ಹೋದರು.

ಆಗಲೇ ಫೋನು ಬಡಿದುಕೊಂಡಿತು. ಸಾವಕಾರರು. ವಾಯರು ಬಾಯಿಗೂ ಫೋನಿಗೂ ಇತ್ತಾದ್ದರಿಂದ ಫೋನನ್ನು ಕಿವಿಗೆ ತಂದರೆ ಅಚ್ಚು ಓರೆಯಾಗುತ್ತಿತ್ತು.

"ಮುನಾಫ, ಎಷ್ಟೊತ್ತಿಗೆ ಬರಾಂವ?"

"ಊಂ."

"ಏನ್ ಊಂ? ಧೂಳಪ್ಪ ಮಾಲು ತರಾಂವದಾನ. ನೀನ ನೋಡಬೇಕು."

"ಊಂ ಊಂ."

"ಬಾಯಾಗ ಏನಿಟ್ಕೊಂಡೀಯೋ?"

ಮುನಾಫ ಫೋನನ್ನು ಸಬೀರಾಳ ಕೈಗೆ ಕೊಟ್ಟ. ಅವಳು ನಯವಾಗಿ, "ನಾಷ್ಟಾ ಮಾಡಾಕತ್ತಾರ್ರಿ ಸಾವಕಾರ್ರ," ಅಂದಳು. ಆ ಕಡೆಯಿಂದ, "ಎಷ್ಟು ದೊಡ್ಡ ತುತ್ತು ಹಾಕ್ಕೊಂತಾನವಾ," ಅಂತ ಕೇಳಿಸಿತು.

ಅಚ್ಚು ತೆಗೆದಾಗ ಮೂವರೂ ಹೆಂಗಸರು ಬಗ್ಗಿ ನೋಡಿದರು. ಜೆಲ್ಲು ಮುಟ್ಟಿದಲ್ಲಿ ಬೆಳ್ಳಗೆ, ಇದ್ದಲಿ ಕೂತಲ್ಲಿ ಕಪ್ಪಗೆ. ಹಕ್ಕಿ ತಿಂದು ಬಿಟ್ಟ ಜೋಳದ ತೆನೆಯಂತಿತ್ತು ಬಾಯಿ. ವಸಡು ಮೆಣಸಿನಕಾಯಿ ಹಚ್ಚಿದಂತೆ ಉರಿಯುತ್ತಿತ್ತು.

"ಮದಲ ಛಲೋ ಇತ್ತು," ಅಂದಳು ಕೊನೆಗೆ ಸೀತವ್ವ.

ಸಬೀರಾ ಕೈ ತೊಳೆದುಕೊಂಡು ಬುರ್ಖಾ ಹಾಕಿದಳು. "ನಡೀರಿ ಡಾಕ್ಟರ್ ಕಡೆ. ಮನಿ ಔಷಧ ಸಾಕು."

ಸೀತವ್ವನೂ ಚಪ್ಪಲಿ ಮೆಟ್ಟಿ ಹೊರಟಳು. ತನ್ನ ದವಡೆಯ ಒಂದು ಹಲ್ಲು ಅಲುಗಾಡುತ್ತದೆ, ಹೋದ ಮೇಲೆ ಅದನ್ನೂ ಅಷ್ಟು ತೋರಿಸಿದರಾಯಿತು ಅಂದಳು.

ಡಾಕ್ಟರ್ ಆಮ್ರಪಾಲಿ ಸಣ್ಣ ವಯಸ್ಸಿನವಳು, ಮಾತು ಕಡಿಮೆ. ಮುನಾಫನ ಬಾಯಿಗೆ ಲೈಟು ಬಿಟ್ಟು ಒಂದು ಹಲ್ಲನ್ನು ಹತ್ತಿಯಿಂದ ಒರೆಸಿ ನೋಡಿದಳು; ಹತ್ತಿ ಕಪ್ಪಾಯಿತು.

"ಇದ್ದಲಿ ತಿಕ್ಕಿದವರು ಯಾರ್ರಿ?"

ಸೀತವ್ವ ಗೋಡೆಯ ಕ್ಯಾಲೆಂಡರಿನಲ್ಲಿ ಅಮವಾಸ್ಯೆ ಯಾವಾಗ ಅಂತ ಹುಡುಕತೊಡಗಿದಳು.

ಡಾಕ್ಟರ್ ಒಂದು ಪಟ್ಟಿ ತೆಗೆದಳು. ಅದರಲ್ಲಿ ಬಿಳಿಯಿಂದ ಕಂದು ಬಣ್ಣದವರೆಗೆ ಸಾಲಾಗಿ ಪ್ಲಾಸ್ಟಿಕ್ ಹಲ್ಲುಗಳು. ಅವನ್ನು ಒಂದೊಂದಾಗಿ ಮುನಾಫನ ಹಲ್ಲಿನ ಪಕ್ಕ ಹಿಡಿದು ಬಣ್ಣ ಹೋಲಿಸಿದಳು. ಮುನಾಫನಿಗೆ ಇದು ತನ್ನದೇ ಕಸುಬು ಅನ್ನಿಸಿತು. ಅವನೂ ಒಣದ್ರಾಕ್ಷಿಯನ್ನು ಹೀಗೇ ಹಿಡಿದು, ಇದು ಹಳದಿ, ಇದು ಹಸಿರು, ಇದು ಕಪ್ಪು, ಇದು ದನಕ್ಕೆ ಅಂತ ಬೇರೆ ಮಾಡುತ್ತಿದ್ದ. ಆಮ್ರಪಾಲಿಯ ಪಟ್ಟಿ ಮುಗಿದುಹೋಯಿತು, ಮುನಾಫನ ಬಣ್ಣ ಸಿಗಲಿಲ್ಲ. ದನದ ಸಾಲಿಗೆ ಬಿದ್ದೆ ಎಂದುಕೊಂಡ.

ಸೀತವ್ವ ಪಟ್ಟಿ ಇಸಿದುಕೊಂಡು ಬಳೆ ಅಂಗಡಿಯಲ್ಲಿ ಕೂತವಳಂತೆ ತಿರುವಿ ನೋಡಿದಳು. "ಇದರಾಗ ಭಾಳ ಹೊಳಿಯೂದು ಬ್ಯಾಡವಾ ಡಾಕ್ಟರಬಾಯಿ. ನಮ್ಮ ಮೈಬಣ್ಣಕ್ಕ ಹೊಂದೂವಂಥಾದ್ದು ಕೊಡು."

"ಅವು ಮಾರೂವಲ್ಲ ಅಜ್ಜಿ," ಅಂತ ಡಾಕ್ಟರ್ ಪಟ್ಟಿ ವಾಪಸು ತೆಗೆದುಕೊಂಡಳು. "ನೋಡ್ರಿ ಮುನಾಫ ಅವರ, ಎರಡು ದಾರಿ ಅದಾವ. ನಿಮ್ಮ ಹಲ್ಲಿನ ಅಳತಿ ತಗೊಂಡು ಅಚ್ಚು ಮಾಡಿಕೊಡ್ತೇನಿ. ದಿನಾ ಸ್ವಲ್ಪ ಔಷಧ ಹಾಕಿ ಮನ್ಯಾಗ ಇಟ್ಕೋರಿ, ಎರಡು ವಾರದಾಗ ನಿಧಾನಕ್ಕ ತಿಳಿ ಆಗ್ತಾವ. ಇಲ್ಲಾಂದ್ರ ಇಲ್ಲೇ ಈ ಕುರ್ಚಿ ಮ್ಯಾಲ ಇವತ್ತ ಮಾಡಬಹುದು. ಆದ್ರ ನಿಮ್ಮ ವಸಡು ಉರಿಯಾಕತ್ತಾವ. ನನ್ನ ಕೇಳಿದ್ರ ಮದಲನೇದ್ದು ಬರೋಬ್ಬರಿ."

ಫೀಸು ಕೇಳಿದಾಗ ಮುನಾಫನ ಮುಖ ತಟ್ಟನೆ ಬಿಳಿಚಿಕೊಂಡಿತು. ಹಲ್ಲೂ ಹೀಗೇ ಪುಕ್ಕಟೆಯಾಗಿ ಬೆಳ್ಳಗಾಗಬಾರದೇ ಅನ್ನಿಸಿತು. ಆದರೂ ಕಣ್ಣ ಮುಂದೆ ಗಾದಿ ಇತ್ತು, ಅದರ ಮೇಲೆ ಅಶ್ಫಾಕ ಕೂತು ನಗುತ್ತಿದ್ದ.

"ಎರಡು ವಾರ ಆಗೂದಿಲ್ರಿ. ಸಂಜಿಕ ನನ್ನ ನಸೀಬ ಐತಿ."

ಯಂತ್ರ ಸಪ್ಪಳ ಮಾಡಿದಾಗ ಅವನ ಜೀವ ಹೇಳಿದಂತೆಯೇ ಮೊಣಕಾಲಿಗೆ ಇಳಿಯಿತು. ಸಬೀರಾ ಅವನ ಕೈ ಹಿಡಿದು ಕೂತಳು. ಚಿಕ್ಕ ಮಕ್ಕಳಿಗೆ ಸೂಜಿ ಹಾಕಿಸುವಾಗ ಮಾಡುವಂತೆ, ಅಂಗೈಯನ್ನು ಹೆಬ್ಬೆರಳಿನಿಂದ ತೀಡುತ್ತಿದ್ದಳು. ಕೊನೆಗೆ ಕನ್ನಡಿ ಕೊಟ್ಟರು. ಪೂರ್ತಿ ಬಿಳಿ ಅಲ್ಲ. ಬೋರಿನ ನೀರಿನ ಗೆರೆ ಅಲ್ಲಲ್ಲಿ ಉಳಿದಿತ್ತು. ಆದರೆ ನಿನ್ನೆಯ ಬಾಯಿಯ ಮುಂದೆ ಇದು ಹೊಸದಾಗಿ ಸುಣ್ಣ ಹೊಡೆದ ಸಾಲೆ. ಮುನಾಫ ಕನ್ನಡಿಯೊಳಗಿನವನಿಗೆ ನಗು ತೋರಿಸಿದ. ಅವನ ಗುರುತು ಹತ್ತಲಿಲ್ಲ.

"ಎರಡು ದಿನಾ ಚಹಾ ಬ್ಯಾಡ, ಅರಿಷಿಣ ಬ್ಯಾಡ," ಅಂದಳು ಡಾಕ್ಟರ್. "ಮುಂಜಾನಿ ಮನ್ಯಾಗ ಏನೇನೋ ಮಾಡೀರಲ್ಲ, ಅದಕ್ಕ ಹಲ್ಲು ಭಾಳ ಝುಮ್ ಅಂತಾವ. ಹುಳಿ, ಸಿಹಿ, ತಣ್ಣನ ಗಾಳಿ, ಯಾವುದೂ ತಡ್ಯಾಂಗಿಲ್ಲ."

ತಿಕೋಟಾ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಆ ಮಾತಿನ ಅರ್ಥವಾಯಿತು. ಗಾಳಿ ಬಾಯಿಗೆ ಹೊಕ್ಕರೆ ಹಲ್ಲಿನಿಂದ ನೆತ್ತಿಯವರೆಗೆ ಒಂದು ತಂತಿ ಮೀಟಿದಂತಾಗುತ್ತಿತ್ತು, ತುಟಿಗಳು ತಾವಾಗಿಯೇ ಕಿವಿಯ ಕಡೆಗೆ ಓಡುತ್ತಿದ್ದವು. ಎದುರು ಕೂತ ಮುದುಕ, ಇವನು ತನ್ನನ್ನು ನೋಡಿ ನಗುತ್ತಿದ್ದಾನೆಂದು ತಿಳಿದು ತಾನೂ ನಕ್ಕ. ಮುನಾಫ ಕರವಸ್ತ್ರ ಬಾಯಿಗೊತ್ತಿಕೊಂಡ.

ಸಾವಕಾರರ ಅಂಗಡಿಯ ಮುಂದಿನ ಅಂಗಳದಲ್ಲಿ ಮಾಲು ತಂದ ರೈತರು ನೆರೆದಿದ್ದರು. ಅಲ್ಲಿ ವ್ಯಾಪಾರ ಬಾಯಿಂದ ಆಗುವುದಿಲ್ಲ. ಕೊಳ್ಳುವವ ಮತ್ತು ಮಾರುವವ ಒಂದು ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಹೇಳುತ್ತಾರೆ. ಸುತ್ತ ನಿಂತವರಿಗೆ ಬೆರಳು ಕಾಣುವುದಿಲ್ಲ, ಹೀಗಾಗಿ ಅವರು ಮುಖ ಓದುತ್ತಾರೆ. ಆ ಅಂಗಳದಲ್ಲಿ ಯಾರಿಂದಲೂ ಓದಲಾಗದ ಮುಖವೆಂದರೆ ಮುನಾಫನದು. ಒಂದು ಕಾಳು ಬಾಯಿಗೆ ಹಾಕಿಕೊಂಡು, ತುಟಿ ಬಿಗಿದು, ಆಕಾಶ ನೋಡುತ್ತ ನಿಧಾನವಾಗಿ ಜಗಿಯುತ್ತಿದ್ದ. ಮಾಲು ಕೆಟ್ಟಿದೆಯೋ ಏನೋ ಅಂತ ರೈತ ಬೆವರಿ ಎರಡು ಬೆರಳು ಕಡಿಮೆ ಒತ್ತುತ್ತಿದ್ದ. ಹಿಂದಿನಿಂದ ಅವನನ್ನು ಕಲ್ಲಮಾರಿ, ಅಂದರೆ ಕಲ್ಲಿನ ಮುಖದವ, ಅನ್ನುತ್ತಿದ್ದರು.

ಬಬಲೇಶ್ವರ ಕಡೆಯ ಧೂಳಪ್ಪ ತನ್ನ ಬಾಕ್ಸು ಬಿಚ್ಚಿಟ್ಟು ಕಾಯುತ್ತಿದ್ದ. ಮುನಾಫ ಟವೆಲ್ ಹಾಸಿ ಕೈ ಹಿಡಿದ, ಒಂದು ಕಾಳು ಬಾಯಿಗೆ ಹಾಕಿದ, ಆಕಾಶ ನೋಡಿದ. ಎಲ್ಲ ಎಂದಿನಂತೆ. ಆಮೇಲೆ ಕಚ್ಚಿದ.

ಆ ಕಾಳಿನ ಸಿಹಿಯೂ ಹುಳಿಯೂ ಒಟ್ಟಿಗೆ ಹಲ್ಲಿನ ಬೇರಿಗೆ ಇಳಿದವು. ಕಣ್ಣು ಕಿರಿದಾದವು, ತುಟಿಗಳು ಎರಡೂ ಕಡೆ ಕಿತ್ತುಕೊಂಡು ಹೋದವು, ಮಧ್ಯಾಹ್ನದ ಬಿಸಿಲು ನೇರ ಬಂದು ಹಲ್ಲಿನ ಸಾಲಿನ ಮೇಲೆ ಕೂತಿತು.

ಧೂಳಪ್ಪ ಚೇಳು ಕಡಿದವನಂತೆ ಟವೆಲ್ಲಿನಿಂದ ಕೈ ಎಳೆದುಕೊಂಡ.

"ನಾ ಇವತ್ತ ಕೊಡಾಂವಲ್ಲ ಮುನಾಫಸಾಬ."

"ಯಾಕ ಕಾಕಾ?"

"ನೀ ನಕ್ಕಿ."

"ನಾ ಎಲ್ಲಿ ನಕ್ಕೇನಿ?" ಅನ್ನಲು ಬಾಯಿ ತೆಗೆದದ್ದೇ ಗಾಳಿ ಹೊಕ್ಕಿತು, ತುಟಿ ಮತ್ತೆ ಓಡಿತು.

"ನೋಡ್ರ್ಯೋ, ಮತ್ತ ನಕ್ಕ." ಧೂಳಪ್ಪ ಸುತ್ತಲಿನವರನ್ನು ಸಾಕ್ಷಿ ಮಾಡಿದ. "ಇಷ್ಟು ವರ್ಷದಾಗ ಈ ಮನಷ್ಯಾನ ಹಲ್ಲು ಯಾರಾರ ನೋಡೀರೇನು? ಇವಗ ದಿಲ್ಲಿ ಕಡಿಂದು ಏನೋ ಸುದ್ದಿ ಗೊತ್ತಾಗೇತಿ. ದರಾ ಹಾರತೈತಿ. ನಮ್ಮ ಮಾಲು ಅಗ್ಗಕ್ಕ ಸಿಕ್ಕಿತಂತ ಒಳಗಿನ ಖುಷಿ ತಡ್ಯಾಕ ಆಗವಲ್ತು ಅವಗ."

"ಹಲ್ಲು ಝುಮ್ ಅಂತಾವೋ ಕಾಕಾ," ಅಂದ ಮುನಾಫ.

"ಎಷ್ಟು ಛಂದ ಹೊಳ್ಯಾಕತ್ತಾವ, ಅವು ಯಾಕ ಝುಮ್ ಅಂತಾವ?"

ಒಳಗಿಂದ ಅಶ್ಫಾಕ ಓಡಿ ಬಂದ. ಅಶ್ಫಾಕನದು ಮಲಗಿದಾಗಲೂ ಮುಚ್ಚದ ನಗು. "ಏ ಇಲ್ರ್ಯೋ, ಅಂವ ನಕ್ಕಿಲ್ಲ, ದರಾ ಗಿರಾ ಏನೂ ಏರಂಗಿಲ್ಲ," ಅಂತ ಒಬ್ಬೊಬ್ಬರ ಹತ್ತಿರವೂ ಹೋಗಿ ಹಲ್ಲು ಬಿಟ್ಟು ಹೇಳಿದ. ಅಲ್ಲಿಯವರೆಗೆ ಅನುಮಾನದಲ್ಲಿದ್ದವರಿಗೂ ಖಾತ್ರಿಯಾಯಿತು.

ಮುಂದಿನದು ಯಾರ ಕೈಯಲ್ಲೂ ಉಳಿಯಲಿಲ್ಲ. ಧೂಳಪ್ಪ ಬಾಕ್ಸು ಕಟ್ಟಿದ, ಅವನ ಹಿಂದಿನವನೂ ಕಟ್ಟಿದ. ಟೆಂಪೋಗಳಿಂದ ಇಳಿದ ಮಾಲು ಮತ್ತೆ ಏರಿತು. ಒಬ್ಬ ತಮ್ಮನಿಗೆ ಫೋನು ಮಾಡಿದ, ತಮ್ಮ ಬೀಗರಿಗೆ ಮಾಡಿದ. ಕಾಖಂಡಕಿಯಿಂದ ಮಾಲು ಹೇರಿಕೊಂಡು ಬರುತ್ತಿದ್ದ ಒಂದು ಟೆಂಪೋ ಅರ್ಧ ದಾರಿಯಿಂದಲೇ ಹೊರಳಿತೆಂದು ಸುದ್ದಿ ಬಂತು. ಅಂಗಳದ ಆ ಮೂಲೆಯಲ್ಲಿ, "ಕಲ್ಲಮಾರಿ ನಕ್ಕನಂತ," ಅಂತಿದ್ದದ್ದು, ಈ ಮೂಲೆಗೆ ಬರುವಾಗ, "ನಕ್ಕು ನಕ್ಕು ಕಣ್ಣಾಗ ನೀರು ಬಂದಿದ್ವಂತ," ಆಗಿತ್ತು. ಕಣ್ಣಲ್ಲಿ ನೀರು ಬಂದದ್ದಂತೂ ನಿಜ.

ಸಂಜೆಯಾಗುವ ಹೊತ್ತಿಗೆ ಅಂಗಳದಲ್ಲಿ ಮುನಾಫ, ಅವನ ಟವೆಲ್ಲು ಮತ್ತು ಒಂದು ನಾಯಿ ಉಳಿದಿದ್ದವು. ಕೊಳ್ಳಬೇಕಾದ ದಿನ ಒಂದು ಕಾಳೂ ಕೊಂಡಿರಲಿಲ್ಲ. ಗಾದಿ ಹೋಯಿತು, ಅದರ ಜೊತೆ ಇದ್ದ ನೌಕರಿಯೂ ಹೋಯಿತು ಅಂತ ಅವನು ಲೆಕ್ಕ ಮುಗಿಸಿದ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು.

ಸಾವಕಾರರ ಎರಡೂ ಕಿವಿಗೆ ಎರಡು ಫೋನು ಇದ್ದವು. ಅವನ್ನು ಇಳಿಸಿ ಮುನಾಫನನ್ನು ನೋಡಿದರು.

"ಬಾ, ಕುಂದ್ರು."

ಸಾವಕಾರರ ಎದುರು ಕೂಡ್ರುವ ಮಾತು ಅಲ್ಲಿ ಕೇಳಿದವರಿರಲಿಲ್ಲ. ಮುನಾಫ ಇನ್ನಷ್ಟು ಹೆದರಿ ಕುರ್ಚಿಯ ತುದಿಗೆ ಕೂತ.

"ಏನೋ ಇದು, ಊರ ತುಂಬ ನಕ್ಕೀಯಂತ?"

"ತಪ್ಪಾತ್ರಿ ಸಾವಕಾರ್ರ. ಅದು ನಗಿ ಅಲ್ರಿ. ಗಾದಿ ಸಲುವಾಗಿ ಹಲ್ಲು..."

"ಹಲ್ಲು ತೋರಸು."

ಮುನಾಫ ತೋರಿಸಿದ. ಸಾವಕಾರರು ಚಷ್ಮಾ ಏರಿಸಿ, ಒಳ್ಳೆಯ ಮಾಲು ಕಂಡಾಗ ನೋಡುವಂತೆ ನೋಡಿದರು.

"ಹೋದ ವರ್ಷದ ಮಾಲು ಕೋಲ್ಡ್ ಸ್ಟೋರೇಜಿನ್ಯಾಗ ಕೊಳ್ಯಾಕತ್ತಿತ್ತು. ಒಬ್ಬ ಮಗಾ ಮೂಸಿ ನೋಡಿರಲಿಲ್ಲ. ಮಧ್ಯಾಹ್ನದಿಂದ ವ್ಯಾಪಾರಸ್ಥರದು ಒಂದ ಸವನ ಫೋನು. ದರಾ ಏರೂಕಿಂತ ಮದಲ ಕೊಡ್ರಿ, ಕೊಡ್ರಿ ಅಂತ. ಈಗ ಕಡೇದ್ದೂ ಮಾರೀನಿ. ನೀ ಒಂದ ಸಲ ಹಲ್ಲು ತಗದದ್ದಕ್ಕ."

ಮುನಾಫನಿಗೆ ಜೀವ ಬಂತು. ಮೊಣಕಾಲಿನಿಂದ ಅದು ಏರುತ್ತ ಏರುತ್ತ ಎದೆಗೆ ಬಂದು ಕೂತಿತು.

"ಹಂಗಾರ ಸಾವಕಾರ್ರ, ಪೇಟಿ ಅಂಗಡಿ ಗಾದಿ..."

"ಅದಕ್ಕ ಅಶ್ಫಾಕ ಹೋಗ್ತಾನ ಬಿಡು. ಅವನ ನಗಿಗೆ ಇಲ್ಲಿ ಏನ್ ಕಿಮ್ಮತ್ತೈತಿ? ಹುಟ್ಟಿದಾಗಿಂದ ನಗಾಕತ್ತಾನ, ಯಾರೂ ನಂಬಂಗಿಲ್ಲ. ನಿಂದು ಹಂಗಲ್ಲ. ಇಂಥಾ ಹಲ್ಲು ಇಟ್ಕೊಂಡು ನಿನ್ನ ಪಾವ ಕಿಲೋ ಪುಡಿಕಿ ಕಟ್ಟಾಕ ಕೂಡಸಲೇನು? ನನಗ ತಲಿ ಕೆಟ್ಟೇತೇನು?"

"ಆದ್ರ ಸಾವಕಾರ್ರ, ಬಸ್ಸು..."

"ಬಸ್ಸು ಐತಲ್ಲ, ಬಾ. ಇನ್ನ ಮ್ಯಾಲ ನಾ ಕೊಳ್ಳೂ ದಿನಾ ಬಾಯಿ ಮುಚ್ಚಿಕೊಂಡಿರು. ಮಾರೂ ದಿನಾ ಮುಂಜಾನಿ ಹೇಳಿ ಕಳಸ್ತೇನಿ, ಒಂದ ಸಲ ನಗು. ಒಂದ ಸಲ ಅಷ್ಟ. ಮತ್ತ ಕಂಡಕಂಡಲ್ಲಿ ಹಲ್ಲು ಬಿಟ್ಕೊಂತ ಹೋಗಬ್ಯಾಡ. ಬಸ್ಸಿನ್ಯಾಗ, ಮದಿವ್ಯಾಗ, ಓಣ್ಯಾಗ. ಎಲ್ಲಾ ಕಡೆ ರೈತರು ಇರ್ತಾರ. ಹೆಚ್ಚಾದ್ರ ಕಿಮ್ಮತ್ತ ಇಳೀತದ."

ಹೊರಗೆ ಅಶ್ಫಾಕ ಕೈ ಹಿಡಿದು ಅಭಿನಂದನೆ ಕೇಳಿದ. ಮುನಾಫ ಕೊಟ್ಟ, ತುಟಿ ಬಿಗಿದು.

ಅವನು ಮನೆ ಮುಟ್ಟಿದಾಗ ಮುಸ್ಸಂಜೆಯ ಮಗ್ರಿಬಿನ ನಮಾಜು ಮುಗಿದಿತ್ತು. ಕಟ್ಟೆಯ ಮೇಲೆ ಮೂವರೂ ಕಾಯುತ್ತಿದ್ದರು. ತರನ್ನುಮ ಫೋನಿನ ಕ್ಯಾಮೆರಾ ತೆರೆದಿಟ್ಟುಕೊಂಡಿದ್ದಳು. ಸೀತವ್ವ, ಅರ್ಧ ಕೆಲಸ ತನ್ನ ಇದ್ದಲಿಯದೇ ಅಂತ ಓಣಿಗೆಲ್ಲ ಹೇಳಿ ಮುಗಿಸಿ, ಸಾಕ್ಷಿಗೆ ಇನ್ನೂ ಇಬ್ಬರನ್ನು ಕರೆತಂದಿದ್ದಳು. ಸಬೀರಾ ಅವನ ಕೈಯಿಂದ ಬುತ್ತಿಯ ಡಬ್ಬಿ ತೆಗೆದುಕೊಂಡು, ಅವನ ಮುಖವನ್ನು ದೀಪದ ಕಡೆ ಮೆಲ್ಲಗೆ ತಿರುಗಿಸಿದಳು.

"ಏನಾತ್ರಿ? ಇಷ್ಟ ಖರ್ಚ ಮಾಡೇವಿ. ಒಮ್ಮೆ ನಗ್ರಲ್ಲ, ನೋಡೂಣು."

ಮುನಾಫ ಕರವಸ್ತ್ರವನ್ನು ಬಾಯಿಂದ ಅಷ್ಟೇ ಅಷ್ಟು ಸರಿಸಿದ.

"ಸಾವಕಾರ್ರನ್ನ ಕೇಳಬೇಕು."